ಹೈಟ್ ಹುಡುಕುವ ಭಾರತ, ಗುರಿ ಕಲಿಸಿದ ಜಪಾನ್: ಹಿಂದೂಪುರ, ಕಲ್ಯಾಣದುರ್ಗದ ಮಕ್ಕಳಿಗೆ ತಂಡದಲ್ಲಿ ಜಾಗ ಎಲ್ಲಿ?

2025ರ ಆಗಸ್ಟ್‌ನಲ್ಲಿ ಜಿದ್ದಾದಲ್ಲಿ ನಡೆದ ಏಷ್ಯಾ ಕಪ್ ಬಾಸ್ಕೆಟ್‌ಬಾಲ್‌ನಲ್ಲಿ ಭಾರತ ಪುರುಷರ ತಂಡ ಮೊದಲ ಪಂದ್ಯದಲ್ಲೇ ಜೋರ್ಡಾನ್‌ಗೆ ಬೆವರಿಳಿಸಿತ್ತು. ನಿಗದಿತ 40 ನಿಮಿಷ ಮುಗಿದಾಗ ಸ್ಕೋರ್ ಸಮ. ಹೆಚ್ಚುವರಿ ಅವಧಿಯಲ್ಲಿ ಮಾತ್ರ 84-91ರಿಂದ ಸೋಲು. ಮುಯಿನ್ ಬೆಕ್ ಹಫೀಜ್ ನಾಯಕತ್ವದ ತಂಡ ಆಮೇಲೆ ಚೀನಾ ಮತ್ತು ಸೌದಿ ಅರೇಬಿಯಾ ಎದುರೂ ಸೋತು, ಒಂದೂ ಗೆಲುವಿಲ್ಲದೆ ವಾಪಸಾಯಿತು.

ಇಂಥ ಸೋಲಿನ ನಂತರ ಕೇಳಿಬರುವ ಮಾತು ಒಂದೇ: "ನಮ್ಮವರಿಗೆ ಹೈಟ್ ಸಾಲದು." ಹೌದಾ? 2015ರಲ್ಲಿ ಅಮೆರಿಕದ ಎನ್‌ಬಿಎ ಡ್ರಾಫ್ಟ್‌ನಲ್ಲಿ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ ಪಂಜಾಬಿನ ಸತ್ನಾಮ್ ಸಿಂಗ್‌ನ ಎತ್ತರ 7 ಅಡಿ 2 ಇಂಚು. ಹೈಟ್ ಸಿಕ್ಕಿತು, ಸುದ್ದಿಯೂ ಆಯಿತು. ಏಷ್ಯಾದಲ್ಲಿ ಭಾರತ ತಂಡದ ಸ್ಥಾನ ಮಾತ್ರ ಅದರಿಂದ ಬದಲಾಗಲಿಲ್ಲ.

ಇಂದಿನ ಬಾಸ್ಕೆಟ್‌ಬಾಲ್ ಬೇರೆಯೇ ಲೆಕ್ಕದ ಮೇಲೆ ನಡೆಯುತ್ತಿದೆ. ಲೆಕ್ಕ ಸರಳ. ಒಂದು ತಂಡ ರಿಂಗ್‌ನ ಹತ್ತಿರದಿಂದ 100 ಬಾರಿ ಚೆಂಡು ಎಸೆದು 45 ಸಲ ಗುರಿ ಮುಟ್ಟಿದರೆ 90 ಅಂಕ. ಇನ್ನೊಂದು ತಂಡ 6.75 ಮೀಟರ್ ದೂರದ ಗೆರೆಯ ಆಚೆಯಿಂದ 100 ಬಾರಿ ಎಸೆದು 35 ಸಲ ಮಾತ್ರ ಹಾಕಿದರೂ 105 ಅಂಕ. ಹೆಚ್ಚು ಸಲ ತಪ್ಪಿದ ತಂಡವೇ ಮುಂದೆ! ಅದಕ್ಕಾಗಿಯೇ ಕೋಚ್‌ಗಳು ಈಗ ಬರೀ ಶೇಕಡಾವಾರು ನೋಡುವುದಿಲ್ಲ. ಮೂರು ಅಂಕದ ಬುಟ್ಟಿಯನ್ನು ಒಂದೂವರೆ ಬುಟ್ಟಿ ಅಂತ ಹಿಡಿದು ಲೆಕ್ಕ ಹಾಕುತ್ತಾರೆ. ದೂರದಿಂದ ಹಾಕಬಲ್ಲವರು ನಾಲ್ಕೈದು ಮಂದಿ ಇದ್ದರೆ ಎದುರಾಳಿ ಡಿಫೆನ್ಸ್ ಹೊರಗೆ ಬರಲೇಬೇಕು, ಆಗ ರಿಂಗ್‌ನ ಅಡಿಯಲ್ಲಿ ಕುಳ್ಳಗಿನವರಿಗೂ ಜಾಗ ಸಿಗುತ್ತದೆ.

ಆದರೆ ಅಂತಾರಾಷ್ಟ್ರೀಯ ತಂಡ ಕ್ಲಬ್ ತಂಡದಂತಲ್ಲ. ಬೇಕಾದವರನ್ನು ಹಣ ಕೊಟ್ಟು ತರಲು ಆಗದು. 12 ಮಂದಿಯ ತಂಡದಲ್ಲಿ, 16 ವರ್ಷ ದಾಟಿದ ಮೇಲೆ ಆ ದೇಶದ ಪೌರತ್ವ ಪಡೆದವರು ಒಬ್ಬರೇ ಇರಬಹುದು ಎನ್ನುವುದು ವಿಶ್ವ ಸಂಸ್ಥೆ ಫಿಬಾದ ನಿಯಮ. ಏಷ್ಯಾದ ಹಲವು ದೇಶಗಳು ಆ ಒಂದು ಸೀಟನ್ನು ಚೆನ್ನಾಗಿ ಬಳಸಿಕೊಂಡಿವೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಫಿಲಿಪ್ಪೀನ್ಸ್ ಪರ ಜಸ್ಟಿನ್ ಬ್ರೌನ್ಲಿ, ಜೋರ್ಡಾನ್ ಪರ ರಾಂಡೆ ಹಾಲಿಸ್-ಜೆಫರ್ಸನ್ ಆಡಿದರು. ಇಬ್ಬರೂ ಅಮೆರಿಕದಲ್ಲಿ ಹುಟ್ಟಿದವರು. 70-60ರಿಂದ ಗೆದ್ದ ಫಿಲಿಪ್ಪೀನ್ಸ್‌ಗೆ 1962ರ ನಂತರ ಸಿಕ್ಕ ಮೊದಲ ಚಿನ್ನ ಅದು.

ಭಾರತಕ್ಕೆ ಈ ದಾರಿ ಸುಲಭವಲ್ಲ. ನಮ್ಮ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವ ಭಾರತ ಮೂಲದವರು ಅದನ್ನು ಬಿಟ್ಟುಕೊಟ್ಟರೆ ಮಾತ್ರ ಭಾರತದ ಜೆರ್ಸಿ ಹಾಕಬಹುದು. ಹಾಗಾಗಿ ಉಳಿದಿರುವುದು ಎರಡನೇ ದಾರಿ: ಇರುವ ಮಕ್ಕಳಿಗೇ ಗುರಿ ಕಲಿಸುವುದು.

ಆ ದಾರಿಯನ್ನು ತೋರಿಸಿದ್ದು ಜಪಾನಿನ ಮಹಿಳೆಯರು. 2019ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ಅವರು ಚೀನಾವನ್ನು ಮಣಿಸಿ ಸತತ ನಾಲ್ಕನೇ ಬಾರಿ ಏಷ್ಯಾ ಕಪ್ ಗೆದ್ದರು. ಎರಡು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್‌ಗೆ 193 ಸೆಂಟಿಮೀಟರ್ ಎತ್ತರದ ಪ್ರಮುಖ ಆಟಗಾರ್ತಿ ರಾಮು ತೊಕಾಶಿಕಿ ಗಾಯದಿಂದ ಲಭ್ಯರಿರಲಿಲ್ಲ. ಕೋಚ್ ಟಾಮ್ ಹೋವಾಸ್ ಎತ್ತರದ ಚಿಂತೆ ಬಿಟ್ಟು ವೇಗ ಮತ್ತು ಮೂರು ಅಂಕದ ಎಸೆತವನ್ನೇ ನಂಬಿದರು. ಫಲ: ಬೆಳ್ಳಿ. ಫೈನಲ್‌ನಲ್ಲಿ ಅಮೆರಿಕ ಎದುರು 75-90ರಿಂದ ಸೋತರೂ, ಆ ದೇಶದ ಬಾಸ್ಕೆಟ್‌ಬಾಲ್‌ಗೆ ಅದು ಮೊದಲ ಒಲಿಂಪಿಕ್ ಪದಕ.

ಕಂಠೀರವದಿಂದ ಸುಮಾರು 100 ಕಿಲೋಮೀಟರ್ ಉತ್ತರಕ್ಕೆ ಹೋದರೆ ಹಿಂದೂಪುರ. ಅಲ್ಲಿಂದ ವಾಯವ್ಯಕ್ಕೆ, ಕರ್ನಾಟಕದ ಪಾವಗಡ ತಾಲೂಕನ್ನು ದಾಟಿದ ಮೇಲೆ ಕಲ್ಯಾಣದುರ್ಗ. ಎರಡೂ ಆಂಧ್ರದ ಊರುಗಳು, ಕನ್ನಡ ತೆಲುಗು ಎರಡೂ ಕೇಳಿಸುವ ಗಡಿಸೀಮೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು.

ಹಿಂದೂಪುರದ ಶಾಲೆಯೊಂದರಲ್ಲಿ ಐದೂಕಾಲು ಅಡಿಯ, ಒಳ್ಳೆ ಗುರಿಯಿರುವ ಹುಡುಗಿಯೊಬ್ಬಳು ಇದ್ದಾಳೆ ಅಂತ ಇಟ್ಟುಕೊಳ್ಳೋಣ. ದೊಡ್ಡ ಪಂದ್ಯಾವಳಿ ನಡೆಯುವ ಬೆಂಗಳೂರು ರೈಲಿನಲ್ಲಿ ಹತ್ತಿರ. ಆದರೆ ಅವಳ ಆಯ್ಕೆಯ ದಾರಿ ಆಂಧ್ರದ್ದು: ಶಾಲೆ, ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರೀಯ ಕೂಟ. ಪಕ್ಕದ ಪಾವಗಡದ ಹುಡುಗಿಗೆ ಕರ್ನಾಟಕದ ದಾರಿ. ಈ ಪ್ರತಿ ಮೆಟ್ಟಿಲಲ್ಲೂ ಆಯ್ಕೆಗಾರರ ಕಣ್ಣು ಮೊದಲು ಎತ್ತರದ ಮೇಲೆ ಬಿದ್ದರೆ, ಅವಳ ಕೈಯಲ್ಲಿ ಎಂಥ ಗುರಿ ಇದೆ ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ. ಎತ್ತರ ಅಳೆಯಲು ಒಂದು ನಿಮಿಷ ಸಾಕು. ಗುರಿ ಅಳೆಯಬೇಕಾದರೆ ತಿಂಗಳುಗಟ್ಟಲೆ ಎಸೆತ ಎಣಿಸಿ ಬರೆದಿಡಬೇಕು.

ಈ ಬರಡು ಸೀಮೆಯಲ್ಲಿ ಕ್ರೀಡೆ ಬೆಳೆಯದು ಎನ್ನುವಂತೆಯೂ ಇಲ್ಲ. ಗ್ರಾಮೀಣಾಭಿವೃದ್ಧಿಗೆ ದುಡಿಯುವ ಆರ್‌ಡಿಟಿ ಸಂಸ್ಥೆ ಅನಂತಪುರದಲ್ಲಿ ಕಟ್ಟಿದ ಕ್ರೀಡಾಂಗಣದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ದುಲೀಪ್ ಟ್ರೋಫಿ ಪಂದ್ಯಗಳು ನಡೆದವು. ಟೆನಿಸ್ ತಾರೆ ರಫೇಲ್ ನಡಾಲ್ ಪ್ರತಿಷ್ಠಾನದ ಶಾಲೆ 2010ರಲ್ಲೇ ಅಲ್ಲಿ ಶುರುವಾಗಿದೆ. ಟೆನಿಸ್‌ಗೆ ಹೋಲಿಸಿದರೆ ಬಾಸ್ಕೆಟ್‌ಬಾಲ್‌ಗೆ ಬೇಕಾದ್ದು ಕಡಿಮೆ: 3.05 ಮೀಟರ್ ಎತ್ತರಕ್ಕೆ ಸರಿಯಾಗಿ ಕೂರಿಸಿದ ರಿಂಗ್, ಅಳತೆಯಲ್ಲಿ ಎಳೆದ ಮೂರು ಅಂಕದ ಗೆರೆ, ಹತ್ತಾರು ಚೆಂಡು, ದಿನವೂ ಬರುವ ಒಬ್ಬ ಪಿ.ಟಿ. ಮಾಸ್ಟ್ರು. ಎಸೆತ ಎಣಿಸಲು ಒಂದು ನೋಟ್‌ಬುಕ್.

ಹಾಗಂತ ಗುರಿ ಒಂದರಿಂದಲೇ ಗೆಲುವು ಬರುತ್ತದೆ ಎನ್ನಲಾಗದು. 2023ರ ವಿಶ್ವಕಪ್‌ನಲ್ಲಿ ಅದೇ ಹೋವಾಸ್ ಜಪಾನ್ ಪುರುಷರ ತಂಡವನ್ನು ಪ್ಯಾರಿಸ್ ಒಲಿಂಪಿಕ್ಸ್‌ಗೆ ಒಯ್ದಾಗ, ರಿಂಗ್‌ನ ಅಡಿಯಲ್ಲಿ ಅಮೆರಿಕ ಮೂಲದ ಜಾಶ್ ಹಾಕಿನ್ಸನ್ ಇದ್ದರು. ಎತ್ತರವೂ ಬೇಕು. ಆದರೆ ಎತ್ತರದವರು ಒಬ್ಬಿಬ್ಬರು ಸಿಕ್ಕಿದ ಕೂಡಲೇ ಉಳಿದ ಹತ್ತು ಜಾಗ ತುಂಬಿದಂತಲ್ಲ. ಆ ಹತ್ತು ಜಾಗಕ್ಕೆ ಗುರಿಕಾರರು ಬೇಕು, ಅವರು ಹಿಂದೂಪುರದಲ್ಲೂ ಸಿಗಬಹುದು, ಉಳ್ಳಾಲದಲ್ಲೂ ಸಿಗಬಹುದು.

2027ರ ಆಗಸ್ಟ್‌ನಲ್ಲಿ ವಿಶ್ವಕಪ್ ದೋಹಾಕ್ಕೆ ಬರುತ್ತಿದೆ, ಅರಬ್ ನೆಲದಲ್ಲಿ ಇದೇ ಮೊದಲು. ಕತಾರ್‌ನಲ್ಲಿ ದುಡಿಯುವ ಕರಾವಳಿಗರಿಗೆ ಮನೆ ಬಾಗಿಲಲ್ಲೇ ವಿಶ್ವದ ಅತ್ಯುತ್ತಮ ಶೂಟರ್‌ಗಳನ್ನು ನೋಡುವ ಅವಕಾಶ. ಅದಾದ ಮೇಲಿನ ವಿಶ್ವಕಪ್‌ಗಳಿಗೆ ತಯಾರಾಗಬೇಕಾದ ಭಾರತೀಯ ಆಟಗಾರರು ಈಗ 12-13 ವರ್ಷದವರು, ಯಾವುದೋ ಶಾಲೆಯ ಅಂಗಳದಲ್ಲಿದ್ದಾರೆ. ಅವರ ಅಂಗಳದಲ್ಲಿ ಆ 6.75 ಮೀಟರ್ ಗೆರೆ ಇದೆಯೇ ಎಂದು ಜಿಲ್ಲಾ ಸಂಸ್ಥೆಗಳು ಹೋಗಿ ನೋಡುವುದರಿಂದಲೇ ಕೆಲಸ ಶುರುವಾಗಬೇಕು.