ಸೀಕಾಕಸ್‌ನಿಂದ – 14: ಆಸನ ಕಾಲು, ನಮ್ಮ ಶುಗರ್ ಮಾತ್ರೆ

ಆ ವಾಯ್ಸ್ ಮೆಸೇಜ್ ಮತ್ತೆ ಸುತ್ತುತ್ತಿದೆ. ಆಸ ಅರಸನಿಗೆ ಕಾಲಿನ ರೋಗ ಬಂತು, ದೇವರನ್ನು ಬಿಟ್ಟು ವೈದ್ಯರ ಹತ್ತಿರ ಹೋದ, ಸತ್ತ. ಹಾಗಾಗಿ ವಿಶ್ವಾಸಿಗೆ ಮಾತ್ರೆ ಬೇಡ ಅಂತ. ಊರಿನ ಗ್ರೂಪಿನಿಂದ ಹೊರಟು ಇಲ್ಲಿ ಸೀಕಾಕಸ್‌ಗೂ ಬಂದು ಮುಟ್ಟಿದೆ.

ವಚನ ಇದೆ, 2 ಪೂರ್ವಕಾಲವೃತ್ತಾಂತ 16:12. ಆದರೆ ಆ ಅಧ್ಯಾಯವನ್ನು ಮೊದಲಿಂದ ಓದಿ. ಆಸ ದೇವಾಲಯದ ಬೆಳ್ಳಿಬಂಗಾರ ತೆಗೆದು ಅರಾಮಿನ ಬೆನ್ಹದದನ ಸಹಾಯ ಕೊಂಡುಕೊಂಡ. ತಪ್ಪು ಅಂತ ಹೇಳಿದ ಹನಾನಿಯನ್ನು ಸೆರೆಗೆ ಹಾಕಿದ. ಕಾಲುನೋವಿನ ಮಾತು ಆಮೇಲೆ ಬರುತ್ತದೆ. ದೂರು ಇರುವುದು ಅವನ ಮೊಂಡುತನದ ಮೇಲೆ, ವೈದ್ಯರ ಮೇಲಲ್ಲ.

ಅದೇ ವಂಶದ ಹಿಜ್ಕೀಯನನ್ನು ನೋಡಿ, 2 ಅರಸುಗಳು 20. ಅತ್ತು ಪ್ರಾರ್ಥಿಸಿದ, ದೇವರು 15 ವರ್ಷ ಆಯುಸ್ಸು ಕೊಟ್ಟರು. ಆದರೂ ಯೆಶಾಯ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ! ಪ್ರವಾದಿಗೆ ನಾಚಿಕೆ ಆಗಲಿಲ್ಲ, ನಮಗೇಕೆ?

ಪ್ರಾರ್ಥನೆಯಿಂದ ಗುಣ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಯಾಕೋಬ 5ರ ವಾಗ್ದಾನ ನನಗೂ ಬೇಕು. ಆದರೆ ಪೌಲ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದದ್ದೂ, ತಿಮೊಥೆಯನ ಹೊಟ್ಟೆಗೆ ಸ್ವಲ್ಪ ದ್ರಾಕ್ಷಾರಸ ಹೇಳಿದ್ದೂ, ಲೂಕನನ್ನು ಪ್ರಿಯ ವೈದ್ಯ ಅಂದದ್ದೂ ಅದೇ ಪುಸ್ತಕದಲ್ಲಿವೆ. ಆ ಪಾಸ್ಟರ್ ಇವನ್ನೆಲ್ಲ ಬಿಟ್ಟು ಒಂದೇ ವಚನ ಹಿಡಿದುಕೊಂಡಿದ್ದಾರೆ. (ಮಂಗಳೂರಿನ ಕಥೊಲಿಕ ಗೆಳತಿಯರ ಬೈಬಲಿನಲ್ಲಿ ಸಿರಾಕನ 38ನೇ ಅಧ್ಯಾಯ ವೈದ್ಯನನ್ನು ಗೌರವಿಸಿ ಅಂತಲೇ ಶುರುವಾಗುತ್ತದೆ. ನಮ್ಮ ಬೈಬಲಿನಲ್ಲಿ ಆ ಗ್ರಂಥ ಇಲ್ಲ, ಆದರೂ ವಾದ ಸೋಲುವುದಿಲ್ಲ.)

ನಮ್ಮ ಹಿರಿಯರೂ ಹಾಗೇ ಓದಿದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಚರ್ಚೂ ಕಟ್ಟಿದರು, ಶಾಲೆಯೂ ಕಟ್ಟಿದರು. ಅದೇ ಮಿಶನ್ನಿನ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಅವರ ಸತ್ಯವೇದದಲ್ಲೂ ಆಸ ಇದ್ದನಲ್ಲ.

ಇದು ಬರೀ ವಾದ ಆಗಿದ್ದರೆ ಸುಮ್ಮನಿರುತ್ತಿದ್ದೆ. ಶುಗರ್ ಇರುವವರ ಕಾಲಿನ ನರ ಸತ್ತರೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಗಾಯ ಕೊಳೆತರೆ ಬೆರಳು ತೆಗೆಯಬೇಕಾಗುತ್ತದೆ. ಇನ್ಸುಲಿನ್ ಮೇಲೇ ಇರುವವರು ಬಿಟ್ಟರೆ ಕೆಲವೇ ದಿನದಲ್ಲಿ ಐಸಿಯು.

ಯಾರ ಮನೆಯಲ್ಲಾದರೂ ಮಾತ್ರೆ ನಿಲ್ಲಿಸಿದ್ದರೆ ಇವತ್ತೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಹಳೇ ಡೋಸ್ ನೀವೇ ಶುರು ಮಾಡಬೇಡಿ. ನನಗೂ ಫೋನ್ ಮಾಡಿ. ನೈಟ್ ಡ್ಯೂಟಿ ಬಿಡುವಾಗ ನಿಮಗೆ ಸಂಜೆ 5 ಗಂಟೆ, ಎದ್ದೇ ಇರುತ್ತೇನೆ.