ಎರಡು ಪುಟ್ಟ ಚಕ್ರಗಳ ಅಪರಾಧ

ನನ್ನ ಎಡಗಾಲು ಮೂರನೇ ವಯಸ್ಸಿನಲ್ಲೇ ಪೋಲಿಯೋ ಪಾಲಾಯಿತು. ಆ ಕಥೆ ಇಲ್ಲಿ ಬೇಡ. ಸ್ಕೂಟರಿನ ಹಿಂದಿನ ಚಕ್ರದ ಎರಡೂ ಬದಿಗೆ ಪುಟ್ಟ ಚಕ್ರ ಹಾಕಿಸಿ, ಆರ್‌ಟಿಓ ಕಚೇರಿಗೆ ನಾಲ್ಕು ಸಲ ಅಲೆದು, ಆರ್‌ಸಿಯಲ್ಲಿ ಬರೆಸಿಕೊಂಡೂ ಬಂದವಳು ನಾನು. ಯಾರ ಕೈಯನ್ನೂ ಹಿಡಿಯದೆ ಮಾರುಕಟ್ಟೆಗೆ ಹೋಗಿ ಸೊಪ್ಪು ತಂದ ಮೊದಲ ದಿನ ಆ ಸೊಪ್ಪನ್ನು ಬೇಯಿಸಲು ಮನಸ್ಸೇ ಬರಲಿಲ್ಲವೆಂದರೆ ನೀವು ನಗಬಾರದು.

ಆರು ತಿಂಗಳಿಗೆ ಸೆಲ್ಫ್ ಸ್ಟಾರ್ಟ್ ಗುಂಡಿ ಕೆಟ್ಟಿತು. ಕಿಕ್ ಹೊಡೆಯುವುದು ನನ್ನಿಂದಾಗದ ಮಾತು. ತಮ್ಮನ ಕೈಲಿ ತಳ್ಳಿಸಿಕೊಂಡು ಷೋರೂಮಿಗೆ ಹೋದೆ. ಅಲ್ಲಿಯ ಹುಡುಗ ಗಾಡಿಯನ್ನು ಮುಟ್ಟಲೂ ಇಲ್ಲ. "ಮೇಡಂ, ಆಲ್ಟರ್ ಮಾಡಿಸಿದೀರಾ. ವಾರಂಟಿ ಹೋಯ್ತು" ಎಂದ.

ಅಲ್ಲ, ಹ್ಯಾಂಡಲಿನ ಗುಂಡಿಗೂ ಹಿಂದಿನ ಚಕ್ರಕ್ಕೂ ಯಾವ ಜನ್ಮದ ನಂಟು? ಪುಟ್ಟ ಚಕ್ರದ ಬೆಸುಗೆ ಬಿಟ್ಟು ನಾನು ಬಿದ್ದರೆ ಕಂಪನಿಯನ್ನು ದೂರುವುದಿಲ್ಲ. ಅದು ಬೆಸೆದವನ ಹೊಣೆ, ಬೆಸೆಸಿಕೊಂಡ ನನ್ನ ಹೊಣೆ. ಆದರೆ ತಾನೇ ಮಾಡಿದ ಗುಂಡಿ ನನ್ನ ಚಕ್ರದಿಂದ ಕೆಟ್ಟಿತು ಎನ್ನುವವನು ಅದನ್ನು ಬಿಚ್ಚಿ ತೋರಿಸಬೇಡವೆ? ಸೊಸೆ ಬಂದ ಮೇಲೆ ಒಡೆದ ಪಾತ್ರೆಯೆಲ್ಲ ಸೊಸೆಯೇ ಒಡೆದದ್ದು ಎಂಬ ಅತ್ತೆಯ ನ್ಯಾಯ ಇದು.

ಇದೇ ಷೋರೂಮಿನಲ್ಲಿ ತಮ್ಮ ಬೈಕು ಕೊಂಡಿದ್ದ. ಚೆಂದ ಕಾಣುವುದಿಲ್ಲವೆಂದು ಸೀರೆ ಗಾರ್ಡ್ ತೆಗೆಯಿರಿ ಎಂದಾಗ ನಗುನಗುತ್ತ ಬಿಚ್ಚಿಕೊಟ್ಟವರು ಇವರೇ. ಹಿಂದೆ ಕೂತವರ ಬಟ್ಟೆ ಸಿಕ್ಕದಂತೆ ಹಿಂಬದಿ ಚಕ್ರದ ಅರ್ಧವನ್ನಾದರೂ ಮುಚ್ಚಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅಮ್ಮನ ಸೆರಗಿಗೆ ಅಪಾಯ ತರುವ ಆಲ್ಟರಿಗೆ ವಾರಂಟಿಯ ಮಾತೇ ಬರಲಿಲ್ಲ! ಬೈದು ಮತ್ತೆ ಹಾಕಿಸಿದೆ, ಬಿಡಿ. ನನ್ನ ಗಾಡಿ ನನ್ನಿಷ್ಟ ಎನ್ನುವ ಪಕ್ಷ ನನ್ನದಲ್ಲ.

ಕಾಯಿದೆಯೇ ಅಡ್ಡ ಬರುತ್ತದೆ ಎನ್ನುವವರಿದ್ದಾರೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಕೂಡದೆಂದದ್ದು ನಿಜ. 1988ರ ಕಾಯಿದೆಯೂ ಅಂಗವಿಕಲರ ವಾಹನವೆಂದರೆ ಅವರಿಗೆಂದೇ ತಯಾರಾದದ್ದು, ಬರಿಯ ಮಾರ್ಪಾಡು ಮಾಡಿದ್ದಲ್ಲ ಎಂದಿತ್ತು. ಆದರೆ ಅದೇ 2019ರ ತಿದ್ದುಪಡಿ, ನಮಗಾಗಿ ಮಾರ್ಪಡಿಸಿದ ಗಾಡಿಗೂ ಕಾಯಿದೆಯೊಳಗೇ ಜಾಗ ಕೊಟ್ಟಿತು. ಪಾರ್ಲಿಮೆಂಟು ಒಪ್ಪಿದ್ದನ್ನು ಕೌಂಟರಿನ ಹುಡುಗ ಒಪ್ಪನು.

"ಬಾಯಿಮಾತು ಬೇಡಪ್ಪ, ಕಾರಣ ಬರೆದು ಕೊಡು" ಎಂದು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಬಾಗಿಲು ಹಾಕುವ ಹೊತ್ತಿಗೆ ಮ್ಯಾನೇಜರು ಬಂದು ಗುಂಡಿ ಬಿಚ್ಚಿಸಿದರು. ಒಳಗಿನ ತಂತಿಯ ಬೆಸುಗೆ ಬಿಟ್ಟಿತ್ತು, ಕಾರ್ಖಾನೆಯದೇ ಬೆಸುಗೆ. ಹೊಸ ಗುಂಡಿ ಪುಕ್ಕಟೆಯಾಗಿ ಹಾಕಿಕೊಟ್ಟರು. ಚೀಟಿಯ ಮೇಲೆ ಮಾತ್ರ 'ಈ ಸಲಕ್ಕೆ ಮಾತ್ರ' ಎಂದು ಬರೆದು ಸಹಿ ಹಾಕಿದರು.