ಒಂದು ಡಿಲೇ ಹಾಕಿ ನೋಡು ಗುರು!

ಬಗ್ ಸಿಗಲಿಲ್ಲ ಅಂತ ಹತ್ತು ಮೈಕ್ರೋಸೆಕೆಂಡ್ ಡಿಲೇ ಹಾಕಿ ಟಿಕೆಟ್ ಮುಚ್ಚುವುದನ್ನು ನಾನು ಡೀಬಗ್ಗಿಂಗ್ ಅಂತ ಒಪ್ಪೋದಿಲ್ಲ. ಅದು ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ನೇತು ಹಾಕೋ ಕೆಲಸ. ಡಿವೈಸ್ ಡ್ರೈವರ್ ಬರೆಯುವ ನಮ್ಮ ಮಂದಿಗೆ ಇಂಟರಪ್ಟ್ ತೊಂದರೆ ಅಂದ ಕೂಡಲೇ ಹೊಳೆಯೋದೇ ಇದು.

ಈ ಲೋಕ ಗೊತ್ತಿಲ್ಲದವರಿಗೆ ಒಂದು ಮಾತು. ನೆಟ್‌ವರ್ಕ್ ಕಾರ್ಡಿಗೆ ಪ್ಯಾಕೆಟ್ ಬಂದಾಗ ಅದು ಸಿಪಿಯುವನ್ನು ಕೂಗಿ ಕರೆಯುತ್ತೆ. ಅದೇ ಇಂಟರಪ್ಟ್. ಹಳೆಯ ಪಿಸಿಐ ವ್ಯವಸ್ಥೆಯಲ್ಲಿ ಹಲವು ಕಾರ್ಡುಗಳಿಗೆ ಒಂದೇ ಲೈನ್. ನಾಲ್ಕು ಮನೆಗೂ ಒಂದೇ ಕಾಲಿಂಗ್ ಬೆಲ್ ಇರುವ ವಠಾರ ಅಂದ್ಕೊಳ್ಳಿ. ಬೆಲ್ ಆದಾಗ ಪ್ರತಿ ಮನೆಯವರೂ ಎದ್ದು ಬಂದು, ಬಾಗಿಲಲ್ಲಿ ನಿಂತಿರೋರು ತಮ್ಮವರಾ ಅಲ್ವಾ ಅಂತ ನೋಡಿ ನಿಜ ಹೇಳಬೇಕು. ಲಿನಕ್ಸಿನಲ್ಲಿ 1 ಲಕ್ಷ ಸಲ ಬೆಲ್ ಆಗಿ, 99,900ಕ್ಕಿಂತ ಹೆಚ್ಚು ಸಲ ಎಲ್ಲರೂ 'ನಮ್ಮವರಲ್ಲ' ಅಂದರೆ, ಕರ್ನಲ್ 'ನೋಬಡಿ ಕೇರ್ಡ್' ಅಂತ ಲಾಗಿನಲ್ಲಿ ಬರೆದು ಆ ಲೈನನ್ನೇ ಬಂದ್ ಮಾಡುತ್ತೆ.

ನಮ್ಮ ಜಾಣರು ಏನ್ಮಾಡ್ತಾರೆ? ಯಾರೇ ಬಂದಿರಲಿ, ನೋಡದೇನೇ 'ನಮ್ಮವರೇ, ವಿಚಾರಿಸ್ಕೊಂಡ್ವಿ' ಅಂತ ಹ್ಯಾಂಡಲ್ಡ್ ವಾಪಸ್ ಕೊಟ್ಬಿಡ್ತಾರೆ. ಎಚ್ಚರಿಕೆ ಮಾಯ! ಬಂದವರನ್ನು ಯಾರೂ ಮಾತಾಡಿಸಿಲ್ಲ, ಬೆಲ್ ಬಡ್ಕೊಳ್ತಾನೇ ಇರುತ್ತೆ, ಸಿಪಿಯು ಓಡಾಡಿ ಸುಸ್ತು. ಪಕ್ಕದ ಡ್ರೈವರಿನ ತಪ್ಪೂ ಇದರಡಿ ಮುಚ್ಚಿಹೋಗುತ್ತೆ.

ಇನ್ನು ಪ್ರಿಂಟ್ ಭಕ್ತರು. 115200 ಬಾಡ್‌ನ ಸೀರಿಯಲ್ ಕನ್ಸೋಲಿನಲ್ಲಿ ಒಂದು ಅಕ್ಷರ ಹೊರಗೆ ಹೋಗೋಕೆ ಸುಮಾರು 87 ಮೈಕ್ರೋಸೆಕೆಂಡ್ ಬೇಕು. 80 ಅಕ್ಷರದ ಸಾಲಿಗೆ ಹತ್ತಿರ ಹತ್ತಿರ 7 ಮಿಲಿಸೆಕೆಂಡ್. ಇಂಟರಪ್ಟ್ ಹ್ಯಾಂಡ್ಲರಿನೊಳಗೆ ಅದೊಂದು ಯುಗ. ಪ್ರಿಂಟ್ ಹಾಕಿದ್ರೆ ಬಗ್ ಬರಲ್ಲ, ತೆಗೆದ್ರೆ ಬರುತ್ತೆ ಅಂತ ತಲೆ ಚಚ್ಕೊಳ್ತಾರೆ. ಪ್ರಿಂಟೇ ಡಿಲೇ ಕಣ್ರೀ!

ನಾನು ಹಿಂದೆ ಇದ್ದ ಒಂದು ಕಂಪನಿಯ ಕೋಡಿನಲ್ಲಿ ಇಂಥ ಡಿಲೇ ಇತ್ತು. ಪಕ್ಕದಲ್ಲಿ 'ತೆಗೆಯಬೇಡಿ' ಅಂತ ಕಾಮೆಂಟು. ಯಾಕೆ ಅಂತ ಬರೆದಿರಲಿಲ್ಲ, ಬರೆದವರು ಕೆಲಸ ಬಿಟ್ಟಾಗಿತ್ತು. ಹೊಸ ಬೋರ್ಡ್ ಬಂದಾಗ ಕಾರಣವಿಲ್ಲದ ಇಂಟರಪ್ಟುಗಳು ಮತ್ತೆ ಶುರು. ಹತ್ತನ್ನು ಐವತ್ತು ಮಾಡಿ ರಿಲೀಸ್ ಮಾಡಿದರು!

ಅಲ್ಲಿ ಆಗುತ್ತಿದ್ದದ್ದು ಇಷ್ಟೇ. ಕಾರ್ಡಿಗೆ 'ಕೇಳಿಸ್ತು, ಸುಮ್ಮನಿರು' ಅಂತ ಡ್ರೈವರ್ ಬರೆದದ್ದು ದಾರಿಯಲ್ಲಿ ಪಿಸಿಐ ಬ್ರಿಡ್ಜಿನ ಬಫರಿನಲ್ಲಿ ಕೂತಿರುತ್ತಿತ್ತು. ಅದು ಮುಟ್ಟುವ ಮೊದಲೇ ಹ್ಯಾಂಡ್ಲರ್ ಮುಗಿದರೆ ಲೈನ್ ಇನ್ನೂ ಕೂಗ್ತಾನೇ ಇರುತ್ತೆ, ಮತ್ತೆ ಕರೆ. ಎರಡನೇ ಸಲ ಹೋಗಿ ನೋಡುವಷ್ಟರಲ್ಲಿ ಬರೆದದ್ದು ತಲುಪಿರುತ್ತೆ, ಬಾಗಿಲಲ್ಲಿ ಯಾರೂ ಇಲ್ಲ. ಬರೆದ ಮೇಲೆ ಅದೇ ಕಾರ್ಡಿನ ಒಂದು ರಿಜಿಸ್ಟರ್ ಓದಿದರೆ ಸಾಕು. ಓದಿಗೆ ಉತ್ತರ ಬರಬೇಕಾದರೆ ಅದಕ್ಕಿಂತ ಮುಂದೆ ಹೊರಟ ಬರಹ ಕಾರ್ಡನ್ನು ಮುಟ್ಟಲೇಬೇಕು, ಅದು ಪಿಸಿಐ ನಿಯಮ. ಒಂದೇ ಸಾಲು ಕೋಡು, ಯಾವ ಬೋರ್ಡಿನಲ್ಲೂ ನಡೆಯುತ್ತೆ.

'ಟೈಮ್ ಇಲ್ಲ, ಶುಕ್ರವಾರ ರಿಲೀಸ್' ಅಂತಾರೆ. ಎಫ್‌ಟ್ರೇಸ್ ಮೆಮೊರಿಯ ಬಫರಿಗೆ ಬರೆದುಕೊಳ್ಳುತ್ತೆ, ಹ್ಯಾಂಡ್ಲರಿನ ಓಟ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ. ಪ್ರೊಕ್ ಒಳಗಿನ ಇಂಟರಪ್ಟ್ಸ್ ಫೈಲ್ ತೆಗೆದರೆ ಯಾವ ಸಿಪಿಯುವಿನಲ್ಲಿ ಯಾವ ಇಂಟರಪ್ಟಿನ ಲೆಕ್ಕ ಏರ್ತಿದೆ ಅಂತ ಕಾಣುತ್ತೆ. ಎರಡೂ ಪುಕ್ಕಟೆ. 'ಈಗ ಎಂಎಸ್‌ಐ ಇದೆ, ಲೈನ್ ಹಂಚಿಕೊಳ್ಳೋ ಗೋಳೇ ಇಲ್ಲ' ಅನ್ನೋರೂ ಇದ್ದಾರೆ. ನಿಜ, ಬೆಲ್ ಬೇರೆ ಬೇರೆ ಆಯ್ತು. ಡಿಲೇ ಹಾಕೋರು ಅವರೇ ಅಲ್ವಾ?

ನಮ್ಮೂರಲ್ಲಿ ಪಂಪ್‌ಸೆಟ್ ಮೋಟರ್ ಸುಟ್ಟರೆ, ವೈಂಡಿಂಗ್ ಕಟ್ಟುವವನು ಹೊಸ ತಂತಿ ಸುತ್ತೋಕೆ ಮುಂಚೆ ಕೇಳ್ತಾನೆ: ಒಂದು ಫೇಸ್ ಹೋಗಿತ್ತಾ? ವೋಲ್ಟೇಜ್ ಕಮ್ಮಿ ಇತ್ತಾ? ಬೇರಿಂಗ್ ಹಿಡ್ಕೊಂಡಿದೆಯಾ? ಕಾರಣ ಬಿಟ್ಟು ತಂತಿ ಸುತ್ತಿದರೆ ಮುಂದಿನ ವಾರ ಅದೇ ಮೋಟರ್ ಅಂಗಡಿಗೆ ಬರುತ್ತೆ, ರೈತ ಬೈಯ್ತಾನೆ ಅಂತ ಅವನಿಗೆ ಗೊತ್ತು. ಬಿಇ ಓದಿದ ನಮಗೆ ಬೈಯೋರು ಯಾರೂ ಎದುರಿಗೆ ಬರಲ್ಲ. ಅಷ್ಟೇ ವ್ಯತ್ಯಾಸ.

ವೆಬ್ಬು, ಆ್ಯಪು ಬರೆಯೋರು ನಗಬೇಡಿ. ನಿಮ್ಮ ಟೆಸ್ಟ್ ಸ್ಕ್ರಿಪ್ಟಿನಲ್ಲೂ ಒಂದು 'ಸ್ಲೀಪ್ 5' ಇದ್ದೇ ಇರುತ್ತೆ. ಯಾರು, ಯಾಕೆ ಹಾಕಿದ್ರು ಅಂತ ಸೋಮವಾರ ಟೀಮಿನಲ್ಲಿ ಒಂದ್ಸಲ ಕೇಳಿ ನೋಡಿ.